ಇಂಟರ್ನ್‌ಶಿಪ್ ಸಂದರ್ಶನ: ನಿಪ್ಪಾಣಿ ಕಡೆಯಿಂದ ನೋಡಿದರೆ

ಎಂಜಿನಿಯರಿಂಗ್ ಓದುವವರಿಗೆ ಇಂಟರ್ನ್‌ಶಿಪ್ ಈಗ ಇಷ್ಟವಿದ್ದರೆ ಮಾಡುವ ಕೆಲಸವಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಯೋಜನೆಯಂತೆ, ಅಂತಿಮ ವರ್ಷದಲ್ಲಿ ಉದ್ಯಮದಲ್ಲೋ ಸಂಶೋಧನೆಯಲ್ಲೋ 14ರಿಂದ 20 ವಾರ ಕಳೆಯಬೇಕು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ, ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜುಗಳು ಇದೇ ವಿಶ್ವವಿದ್ಯಾಲಯದವು. ಗಡುವೆಲ್ಲ ವಿದ್ಯಾರ್ಥಿಗೆ; ಕಂಪನಿಗೆ ಯಾವ ಗಡುವೂ ಇಲ್ಲ. ಇಂಟರ್ನ್‌ಶಿಪ್ ಸಂದರ್ಶನದ ಕಿರಿಕಿರಿಯ ಬೇರು ಇಲ್ಲಿದೆ.

ಸಾಮಾನ್ಯವಾಗಿ ಮೊದಲ ಸುತ್ತು ಆನ್‌ಲೈನ್ ಪರೀಕ್ಷೆ. ಒಂದಷ್ಟು ಲೆಕ್ಕ, ಒಂದಷ್ಟು ತರ್ಕ, ಒಂದೆರಡು ಕೋಡಿಂಗ್ ಪ್ರಶ್ನೆ. ಕ್ಯಾಮೆರಾ ಆನ್ ಇರಬೇಕು. ನಡುವೆ ಕರೆಂಟ್ ಹೋದರೆ ಅದು ವಿದ್ಯುತ್ ಕಂಪನಿ ಹೆಸ್ಕಾಂ ಕೆಲಸ ಎಂದು ಆ ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ.

ಎರಡನೆಯದು ತಾಂತ್ರಿಕ ಸಂದರ್ಶನ. ಹೆಚ್ಚಿನವರು ಎಡವುವುದು ಇಲ್ಲೇ. ತಂಬಾಕು ವಖಾರಿಯ ದಾಸ್ತಾನು ಲೆಕ್ಕ ಇಡುವ ಆ್ಯಪ್ ಕಟ್ಟಿದ ಹುಡುಗಿಗೂ ಆ ಆ್ಯಪ್ ಬಗ್ಗೆ ಪ್ರಶ್ನೆ ಬರದೇ ಹೋಗಬಹುದು. ಬರುವುದು ಲಿಂಕ್ಡ್ ಲಿಸ್ಟ್, ಬೈನರಿ ಟ್ರೀಯಂಥ ದತ್ತಾಂಶ ರಚನೆಗಳ ಪಠ್ಯಪ್ರಶ್ನೆಗಳು. ಈ ದೂರು ಬರೀ ಸಣ್ಣ ಊರಿನವರದಲ್ಲ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಹೋಮ್‌ಬ್ರೂ ತಂತ್ರಾಂಶವನ್ನು ಬರೆದ ಮ್ಯಾಕ್ಸ್ ಹೊವೆಲ್, ಬೈನರಿ ಟ್ರೀ ಪ್ರಶ್ನೆಗೆ ಉತ್ತರಿಸಲಾಗದ್ದಕ್ಕೆ ಗೂಗಲ್ ತಮ್ಮನ್ನು ತಿರಸ್ಕರಿಸಿತೆಂದು 2015ರಲ್ಲಿ ಟ್ವಿಟರ್‌ನಲ್ಲಿ ಸಿಟ್ಟು ತೋಡಿಕೊಂಡಿದ್ದರು.

ಇಂಥ ಪ್ರಶ್ನೆಗಳಿಗೂ ಒಂದು ಕಾರಣವಿದೆ. ಇಂಟರ್ನ್ ಆಗಿ ಬಂದವರನ್ನೇ ಮುಂದೆ ಕೆಲಸಕ್ಕೆ ಇಟ್ಟುಕೊಳ್ಳುವ ಕಂಪನಿಗಳಿವೆ. ಹಾಗಾಗಿ ಕಲಿಯಲು ಬರುವವರಿಗೂ ನೌಕರಿಯ ಅಳತೆಗೋಲೇ. ಕಲಿತು ಮುಗಿದವರನ್ನು ಆರಿಸಿ ಕಲಿಸುತ್ತೇವೆ ಎನ್ನುವುದು ವಿಚಿತ್ರ, ಆದರೆ ನಡೆದಿರುವುದು ಹಾಗೇ.

ಇದರ ಮೇಲೆ ಭಾಷೆಯ ಹೊರೆ. ನಿಪ್ಪಾಣಿ ಭಾಗದಲ್ಲಿ ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎನ್ನುವ ಮಕ್ಕಳು ಬಹಳ. ಸಂದರ್ಶಕರು ಉತ್ತರವೊಂದನ್ನೇ ಕೇಳುವುದಿಲ್ಲ, ಯೋಚಿಸುತ್ತಲೇ ಅದನ್ನು ಬಾಯಿಬಿಟ್ಟು ಹೇಳಿ ಎನ್ನುತ್ತಾರೆ. ಹಾಳೆಯ ಮೇಲೆ ಸುಮ್ಮನೆ ಬಿಡಿಸುವವನು ಇಂಗ್ಲಿಷಿನಲ್ಲಿ ತಡವರಿಸಿದರೆ, ಅವನಿಗೆ ವಿಷಯವೇ ಗೊತ್ತಿಲ್ಲ ಎಂದು ಕಾಣುತ್ತದೆ.

ಮೂರನೆಯ ಹಂತ ಮೌನ. ಆಯ್ಕೆಯಾಗದವರಿಗೆ ಕಾರಣ ತಿಳಿಸುವ ಕಂಪನಿ ಕಡಿಮೆ, ಮೇಲ್ ಕೂಡ ಬಾರದಿರುವುದೇ ಹೆಚ್ಚು. ಎಲ್ಲಿ ತಪ್ಪಿತೆಂದು ತಿಳಿಯದೆ ಮುಂದಿನ ಸಂದರ್ಶನಕ್ಕೆ ತಯಾರಾಗುವುದು ಹೇಗೆ? ಅಷ್ಟರಲ್ಲಿ ಗಡುವು ಹತ್ತಿರ ಬರುತ್ತದೆ. ಆಗ ಶುಲ್ಕ ಕಟ್ಟಿಸಿಕೊಂಡು ಪ್ರಮಾಣಪತ್ರ ಕೊಡುವವರು ಎದುರಾಗುತ್ತಾರೆ. ಸ್ಟೈಪೆಂಡ್ ಕೊಡಬೇಕಾದ ಕಡೆ ಹಣ ಕೇಳುವ ಅಂಥವರಿಂದ ದೂರವಿರುವುದೇ ಲೇಸು.

ಎದುರಿಗೇ ಕುಳಿತು ಸಂದರ್ಶನ ಕೊಡಬೇಕಾದರೆ ಪ್ರಯಾಣದ ಖರ್ಚೂ ಸೇರುತ್ತದೆ. ನಿಪ್ಪಾಣಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಊರಿಗೆ ರೈಲಿಲ್ಲ, ಬೆಂಗಳೂರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿಯಲು ರಾಯಬಾಗ ಕಡೆ ಹೋಗಬೇಕು, ಇಲ್ಲವೇ ಹೆದ್ದಾರಿಯಲ್ಲಿ ರಾತ್ರಿ ಬಸ್ಸು.

ಸರ್ಕಾರದ ಯೋಜನೆಯೂ ಇಲ್ಲಿ ಆಸರೆಯಾಗಲಿಲ್ಲ. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಆರಂಭಿಸಿ, ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000 ರೂಪಾಯಿ ಎಂದಿತು. ಆದರೆ ಪೂರ್ಣಾವಧಿ ಓದಿನಲ್ಲಿ ಇರುವವರಿಗಲ್ಲ ಎಂಬ ಷರತ್ತಿನೊಂದಿಗೆ ಅದು ಆರಂಭವಾದ್ದರಿಂದ, ಅಂತಿಮ ವರ್ಷದ ಕಡ್ಡಾಯ ಇಂಟರ್ನ್‌ಶಿಪ್‌ಗೆ ಅದನ್ನು ನೆಚ್ಚಿಕೊಳ್ಳುವಂತಿರಲಿಲ್ಲ.