ಮುಂಗಾರಿನ ಬಲವೂ ನಮ್ಮೂರಿನ ಮಳೆಯೂ



ಮುಂಗಾರು ಬಲಗೊಂಡರೆ ಎಲ್ಲೆಡೆ ಮಳೆ ಹೆಚ್ಚುತ್ತದೆಂಬುದು ಸಾಮಾನ್ಯ ನಂಬಿಕೆ. ನಿಸರ್ಗದ ಲೆಕ್ಕ ಅಷ್ಟು ಸರಳವಲ್ಲ.

ಭೂಮಿಯು ಸೂರ್ಯನಿಗೆ ಅತಿ ಸಮೀಪ ಬರುವುದು ಈಗ ಜನವರಿಯಲ್ಲಿ. ಸುಮಾರು 10,000 ವರ್ಷಗಳ ಹಿಂದೆ ಅದು ನಮ್ಮ ಬೇಸಿಗೆಯ ಆಸುಪಾಸಿನಲ್ಲಿ ಒದಗುತ್ತಿತ್ತು. ಆಗ ಏಷ್ಯಾದ ನೆಲ ಹೆಚ್ಚು ಕಾದು, ಮುಂಗಾರು ಇಂದಿಗಿಂತ ಪ್ರಬಲವಾಗಿತ್ತು. ಮುಂದೆ ಸಹಸ್ರಮಾನಗಳುದ್ದಕ್ಕೂ ಅದು ಕ್ಷೀಣಿಸಿತು.

ಈ ಚರಿತ್ರೆಯನ್ನು ಓದಲು ಗುಹೆಗಳ ಸುಣ್ಣದ ಕಂಬಗಳು ನೆರವಾಗುತ್ತವೆ. ಮೇಘಾಲಯದ ಗುಹೆಯೊಂದರ ಅಂಥ ಕಂಬ ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಕುಗ್ಗಿದ್ದನ್ನು ಸೂಚಿಸುತ್ತದೆ. 2018ರಲ್ಲಿ ಭೂವಿಜ್ಞಾನಿಗಳು ಆ ಕಾಲದಿಂದೀಚೆಗಿನ ಯುಗಕ್ಕೆ 'ಮೇಘಾಲಯನ್' ಎಂದೇ ಹೆಸರಿಟ್ಟರು. ಆದರೆ ಆ ಕಂಬದಲ್ಲಿನ ಆಮ್ಲಜನಕದ ಐಸೊಟೋಪುಗಳು ಅಲ್ಲಿ ಬಿದ್ದ ಮಳೆಯ ಪ್ರಮಾಣವನ್ನಷ್ಟೇ ಹೇಳುವುದಿಲ್ಲ. ಆವಿ ಎಲ್ಲಿಂದ ಬಂತು, ದಾರಿಯಲ್ಲಿ ಎಷ್ಟು ಸುರಿಯಿತು ಎಂಬುದೂ ಅವುಗಳಲ್ಲಿ ಬೆರೆತಿರುತ್ತದೆ.

ಇಂದಿಗೂ ಹಾಗೆಯೇ. ಮುಂಗಾರಿಗೆ ಬಿಡುವು ಬಿದ್ದು ಮಧ್ಯಭಾರತ ಒಣಗುವಾಗ ಹಿಮಾಲಯದ ತಪ್ಪಲಿನಲ್ಲಿ ಜಡಿಮಳೆ ಸುರಿಯುತ್ತದೆ. 2018ರಲ್ಲಿ ದೇಶದ ಮುಂಗಾರು ಮಳೆ ದೀರ್ಘಾವಧಿ ಸರಾಸರಿಯ ಶೇಕಡ 91 ಮಾತ್ರ. ಆದರೂ ಆ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಅದೇ ವರ್ಷ ಉತ್ತರ ಒಳನಾಡು ಬರದಿಂದ ಬಳಲಿತು.

ಆದುದರಿಂದ ದೇಶದ ಸರಾಸರಿಯನ್ನಷ್ಟೇ ನಂಬಿ ನಮ್ಮ ಗದ್ದೆ, ತೋಟ, ಗುಡ್ಡಗಳ ಭವಿಷ್ಯವನ್ನು ನಿರ್ಧರಿಸಲಾಗದು. ಊರಿಗೊಂದು ಮಳೆಮಾಪಕವಿರಲಿ, ಪ್ರತಿದಿನ ಬೆಳಿಗ್ಗೆ ವಿದ್ಯಾರ್ಥಿಗಳು ಅಳತೆಯನ್ನು ಬರೆದಿಡಲಿ. ಹವಾಗುಣದ ಸರಾಸರಿಗೆ ಮೂವತ್ತು ವರ್ಷಗಳ ದಾಖಲೆ ಬೇಕು. ಇಂದು ಆರಂಭಿಸಿದರೆ ಮುಂದಿನ ತಲೆಮಾರಿಗೆ ಅದು ಕೈಸೇರೀತು. ಅಲ್ಲಿಯವರೆಗೆ, ಹೆಚ್ಚು ಸುರಿದರೂ ಕಡಿಮೆ ಸುರಿದರೂ ನೀರನ್ನು ಹಿಡಿದಿಡುವ ಗುಡ್ಡದ ಕಾಡನ್ನು ಉಳಿಸಿಕೊಳ್ಳೋಣ.