ಕಳಚಿ ಜೋಡಿಸುವ ಕಪಾಟು



ನಮ್ಮ ಮಂಗಳೂರಿನ ಬಂದರಿನ ಬೀದಿಗಳಲ್ಲಿಯೂ ರಥಬೀದಿಯ ಆಸುಪಾಸಿನಲ್ಲಿಯೂ ಹಿಂದಿನ ತಲೆಮಾರಿನವರು ಕಂಡ ದಿನಸಿ ಅಂಗಡಿಗಳಲ್ಲಿ, ಆಚಾರಿಯು ಗೋಡೆಗೆ ಸೇರಿಸಿ ಕಟ್ಟಿದ ಮರದ ಕಪಾಟು ಒಮ್ಮೆ ನಿಂತಿತೆಂದರೆ ಅಂಗಡಿಯ ಆಯುಷ್ಯ ತೀರುವ ತನಕ ಅದೇ ಗೂಡು, ಅದೇ ಎತ್ತರ. ಅದರ ಮುಂದೆ ಮೇಜು, ಮೇಜಿನ ಆಚೆ ಧಣಿ, ಈಚೆ ಚೀಟಿ ಹಿಡಿದ ಗಿರಾಕಿ. ಅಕ್ಕಿಯು ಬೈಹುಲ್ಲಿನಲ್ಲಿ ಬಿಗಿದ ಮುಡಿಯಾಗಿಯೂ ಮೆಣಸು ಕೊತ್ತಂಬರಿಗಳು ಗೋಣಿಗಳಲ್ಲಿಯೂ ಬರುತ್ತಿದ್ದ ಆ ಕಾಲದಲ್ಲಿ ಹಲಗೆಯಿಂದ ಹಲಗೆಗೆ ಎಷ್ಟು ಅಂತರವಿರಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಉರುಟಾದ ಮುಡಿಗೆ ನೆಲವೇ ಸಾಕಾಗಿತ್ತು. ಪದಾರ್ಥಗಳು ಕಾರ್ಖಾನೆಯಿಂದಲೇ ಪೊಟ್ಟಣಗಳಾಗಿ, ಡಬ್ಬಿಗಳಾಗಿ ಬರತೊಡಗಿದ ಮೇಲೆಯೇ ಕಪಾಟಿಗೆ ಒಂದು ಶಾಸ್ತ್ರ ಬೇಕಾಯಿತು.

ಆ ಮೇಜನ್ನು ತೆಗೆದುಹಾಕಿ, ಗಿರಾಕಿಯೇ ಬುಟ್ಟಿ ಹಿಡಿದು ಸಾಲುಗಳ ನಡುವೆ ನಡೆಯುವ ಪದ್ಧತಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತನು ಪಿಗ್ಲಿ ವಿಗ್ಲಿ ಎಂಬ ವಿಚಿತ್ರ ಹೆಸರಿನ ಅಂಗಡಿಯಲ್ಲಿ ಆಚರಣೆಗೆ ತಂದು, ಮರುವರ್ಷ ಅದರ ವಿನ್ಯಾಸಕ್ಕೆ ಪೇಟೆಂಟನ್ನೂ ಪಡೆದನು. ಮಾರುವವನ ಮಾತು ನಿಂತುಹೋದಲ್ಲಿ ಕಪಾಟೇ ಮಾತನಾಡಬೇಕಾಗುತ್ತದೆ. ಬೆಲೆಯ ಚೀಟಿ ವಸ್ತುವಿನ ಬಳಿಯಲ್ಲೇ ಇರಬೇಕಾದುದೂ, ಹಲಗೆಯು ಕೈಗೆಟಕುವ ಎತ್ತರದಲ್ಲಿರಬೇಕಾದುದೂ ಈ ಕಾರಣದಿಂದಲೇ. ಆದರೆ ಇಂದು ಇದ್ದ ಸರಕು ನಾಳೆ ಇರದು. ಮರದ ಗೂಡನ್ನು ದಿನಕ್ಕೊಮ್ಮೆ ಒಡೆದು ಕಟ್ಟುವುದಂತೂ ಸಾಧ್ಯವಿಲ್ಲ. ಇದಕ್ಕೆ ಪರಿಹಾರವು ಅನಿರೀಕ್ಷಿತವಾಗಿ ಒಂದು ಮುದ್ರಣಾಲಯದಿಂದ ಬಂದಿತು. ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದ, ಗ್ರೀಕ್ ಮನೆತನದ ಡೆಮೆಟ್ರಿಯಸ್ ಕೊಮಿನೋ ಎಂಬವನು, ಕಟ್ಟಿ ಒಡೆದ ಕಪಾಟುಗಳಲ್ಲಿ ಮರವು ವ್ಯರ್ಥವಾಗುವುದನ್ನು ಕಂಡು ಬೇಸತ್ತು, ಉದ್ದಕ್ಕೂ ರಂಧ್ರಗಳನ್ನು ಕೊರೆದ ಉಕ್ಕಿನ ಕೋನಪಟ್ಟಿಯನ್ನು ಕಲ್ಪಿಸಿ, 1947ರಲ್ಲಿ ಡೆಕ್ಸಿಯಾನ್ ಎಂಬ ಹೆಸರಿನಿಂದ ಅದರ ತಯಾರಿಕೆಗೆ ತೊಡಗಿದನು. ನಮ್ಮ ವರ್ಕ್‌ಶಾಪುಗಳಲ್ಲಿ ಸ್ಲಾಟೆಡ್ ಆಂಗಲ್ ಎಂದು ಕರೆಯುವುದು ಈ ಬಗೆಯ ಪಟ್ಟಿಯನ್ನೇ. ಅದಕ್ಕೆ ನಟ್ಟು ಬೋಲ್ಟು ಬೇಕು. ಅಂಗಡಿಯ ರ್‍ಯಾಕು ಅವನ್ನೂ ಬಿಟ್ಟು ಮುಂದೆ ಸಾಗಿತು.

ಅದರ ಅಂಗಾಂಗಗಳನ್ನು ನೋಡೋಣ. ಮೊದಲನೆಯದು ಕಂಬ, ಅದರ ಮೈಮೇಲೆ ಸಮಾನ ಅಂತರದಲ್ಲಿ, ಬಹುಮಟ್ಟಿಗೆ 25 ಅಥವಾ 50 ಮಿಲಿಮೀಟರಿಗೊಂದರಂತೆ, ನೀಳವಾದ ಸೀಳುಗಳಿರುತ್ತವೆ, ಮತ್ತು ಇಡೀ ವ್ಯವಸ್ಥೆಯ ಗುಟ್ಟು ಈ ಅಂತರದಲ್ಲೇ ಅಡಗಿದೆಯೆಂದು ನಾನು ಭಾವಿಸುತ್ತೇನೆ, ಏಕೆಂದರೆ ಮುಂದೆ ಏನನ್ನು ಮಾರುವೆನೆಂಬುದನ್ನು ಅಂಗಡಿಯವನು ಮೊದಲೇ ತಿಳಿದಿರಬೇಕಾದ ನಿರ್ಬಂಧವು ಇದರಿಂದ ತಪ್ಪಿತು. ಎರಡನೆಯದು ಬ್ರಾಕೆಟ್ಟು. ಅದರ ಹಿಂಬದಿಯ ಕೊಕ್ಕೆಗಳನ್ನು ಸೀಳಿನೊಳಗೆ ತೂರಿಸಿ ತುಸು ಕೆಳಕ್ಕೆ ಒತ್ತಿದರೆ, ಮೇಲಿನ ಕೊಕ್ಕೆಯು ಕಂಬವನ್ನು ಮುಂದಕ್ಕೆ ಸೆಳೆಯುತ್ತದೆ, ಕೆಳಗಿನ ಅಂಚು ಕಂಬವನ್ನು ಹಿಂದಕ್ಕೆ ನೂಕುತ್ತದೆ. ಮಿತಿಯೊಳಗಿನ ಭಾರವು ಹೆಚ್ಚಿದಷ್ಟೂ ಹಿಡಿತ ಬಿಗಿಯಾಗುವುದೇ ಇಲ್ಲಿನ ಚಮತ್ಕಾರ. ನೇತ್ರಾವತಿಯ ತೀರದಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚುಗಳು ಒಂದರ ಅಂಚನ್ನು ಇನ್ನೊಂದು ಕಚ್ಚಿ ಸ್ವಂತ ತೂಕದಿಂದಲೇ ಮಾಡಿನ ಮೇಲೆ ಕುಳಿತುದನ್ನು ಬಲ್ಲ ಈ ಊರಿನವರಿಗೆ ಆ ತತ್ತ್ವವು ಹೊಸತೇನೂ ಅಲ್ಲ.

ಬೆನ್ನಿನ ತಗಡನ್ನು ಅಲಂಕಾರವೆಂದು ಬಗೆಯುವವರುಂಟು. ಕಂಬಗಳು ಅಡ್ಡಕ್ಕೆ ಓಲದಂತೆ ತಡೆಯುವುದರಲ್ಲಿ ಅದರ ಪಾಲು ದೊಡ್ಡದು. ಕಂಬದ ಬುಡದಿಂದ ಮುಂದಕ್ಕೆ ಚಾಚಿದ ಪಾದವು ರ್‍ಯಾಕು ಗಿರಾಕಿಯ ಮೇಲೆ ಮಗುಚಿ ಬೀಳದಂತೆ ನೋಡಿಕೊಳ್ಳುತ್ತದೆ. ಎಣ್ಣೆಯ ಡಬ್ಬಿಯಂಥ ಭಾರದ ವಸ್ತುಗಳಿಗೆ ತಳದ ಹಲಗೆಯೇ ಯೋಗ್ಯವೆನ್ನುವುದೂ ಇದಕ್ಕಾಗಿಯೇ. ಪಾದದಡಿಯ ತಿರುಪು ನೆಲದ ಏರುತಗ್ಗನ್ನು ಸರಿದೂಗಿಸುತ್ತದೆ. ಇನ್ನುಳಿದುವು ತಳವನ್ನು ಮುಚ್ಚುವ ಪಟ್ಟಿ, ಬೆಲೆಚೀಟಿಯ ಪಟ್ಟಿ, ಎರಡು ಮೋರೆಯ ಸಾಲಿನ ತುದಿಗೆ ಕೂಡಿಸುವ ತುಂಡು.

ನಮ್ಮ ಕರಾವಳಿಯ ಮಳೆಗಾಲವನ್ನೂ ಉಪ್ಪುಗಾಳಿಯನ್ನೂ ಮರೆತು ಈ ಉಕ್ಕನ್ನು ಕೊಳ್ಳಲಾಗದು. ಪೌಡರ್ ಕೋಟಿಂಗು ಎಲ್ಲಿ ಕೆತ್ತಿಹೋಗಿದೆಯೋ ಅಲ್ಲಿ, ಅದರಲ್ಲಿಯೂ ಕೊಕ್ಕೆ ಉಜ್ಜುವ ಸೀಳಿನ ಅಂಚಿನಲ್ಲಿಯೂ ನೆಲ ಒರಸಿದ ನೀರು ನಿಲ್ಲುವ ಪಾದದಲ್ಲಿಯೂ, ತುಕ್ಕು ಮೊದಲು ಕಾಣಿಸಿಕೊಳ್ಳುತ್ತದೆ. ಇಷ್ಟೆಲ್ಲ ಪ್ರಗತಿಯಾದರೂ ಒಬ್ಬ ತಯಾರಕನ ಕೊಕ್ಕೆಯು ಮತ್ತೊಬ್ಬನ ಸೀಳಿಗೆ ಸರಿಹೊಂದುವ ಭರವಸೆಯಿಲ್ಲ. ಆದುದರಿಂದ ಬ್ರಾಕೆಟ್ಟೊಂದು ಕಳೆದುಹೋದರೆ, ಅದರ ಜೊತೆಯ ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಪೇಟೆಗೆ ಹೋಗುವುದು ಲೇಸು.