ಮಲೆನಾಡಿನ ಮಳೆಯಲ್ಲಿ ಮಂಕಾದ ನಕ್ಷತ್ರ ಆಮೆ



ಆಮೆಯು ತನ್ನ ಅಂಗಗಳನ್ನು ಚಿಪ್ಪಿನೊಳಕ್ಕೆ ಎಳೆದುಕೊಳ್ಳುವುದನ್ನು ಭಗವದ್ಗೀತೆಯ ಎರಡನೆಯ ಅಧ್ಯಾಯವು ಇಂದ್ರಿಯನಿಗ್ರಹಕ್ಕೆ ಉಪಮೆಯಾಗಿ ಬಳಸಿದೆ. ಮನುಷ್ಯನಿಗೆ ಆ ಉಪಮೆ ಸಲ್ಲುತ್ತದೆ. ಆದರೆ ಮನೆಯ ಮೂಲೆಯಲ್ಲಿ ವಾರಗಟ್ಟಲೆ ತಲೆ ಹೊರಹಾಕದೆ ಬಿದ್ದಿರುವ ಆಮೆಯನ್ನು ಕಂಡು 'ಪಾಪದ ಪ್ರಾಣಿ, ಅದರ ಸ್ವಭಾವವೇ ಹಾಗೆ' ಎಂದು ಸುಮ್ಮನಾಗುವುದು ಆ ಜೀವಕ್ಕೆ ಕುತ್ತು. ಆರೋಗ್ಯವಂತ ಆಮೆ ಬೆದರಿದಾಗ ಒಳಸೇರುತ್ತದೆ. ಬೆದರಿಕೆ ಕಳೆದ ಸ್ವಲ್ಪ ಹೊತ್ತಿನಲ್ಲೇ ಹೊರಬಂದು ಮೇವು ಹುಡುಕುತ್ತದೆ. ದಿನಗಟ್ಟಲೆ ಹೊರಬಾರದ ಆಮೆ ಚಳಿಯಿಂದಲೋ, ನೀರಿನ ಕೊರತೆಯಿಂದಲೋ, ರೋಗದಿಂದಲೋ ಬಳಲುತ್ತಿರುತ್ತದೆ.

ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ಮನೆಗಳಿಗೆ ಬರುವ ಆಮೆಗಳಲ್ಲಿ ಮುಖ್ಯವಾದುದು ನಕ್ಷತ್ರ ಆಮೆ. ಹಳದಿ ಗೆರೆಗಳ ಚಂದದ ಚಿಪ್ಪೇ ಅದಕ್ಕೆ ಶತ್ರು. ಇದರ ನೆಲೆ ಗುಜರಾತ್, ರಾಜಸ್ಥಾನ, ಆಂಧ್ರ, ತಮಿಳುನಾಡು ಮತ್ತು ಕರ್ನಾಟಕದ ಪೂರ್ವಭಾಗದ ಒಣ ಕುರುಚಲು ಕಾಡುಗಳು ಹಾಗೂ ಶ್ರೀಲಂಕಾ. ಕೋಲಾರದ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ, ಆಗುಂಬೆಯ ಸರಾಸರಿ 7,000 ಮಿಲಿಮೀಟರನ್ನೂ ಮೀರುತ್ತದೆ. ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಬೆಳೆದ ಜೀವವನ್ನು ಆಷಾಢದ ಜಡಿಮಳೆಯಲ್ಲಿ, ಒದ್ದೆ ನೆಲದ ಜಗಲಿಯಲ್ಲಿ ಇರಿಸಿದರೆ ಅದು ಮಂಕಾಗುವುದರಲ್ಲಿ ಆಶ್ಚರ್ಯವೇನಿದೆ?

ಆಮೆಯು ತನ್ನ ಮೈಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಬಿಸಿಲು ಮತ್ತು ನೆಲದ ಕಾವಿನಿಂದ ಅದನ್ನು ಪಡೆಯುತ್ತದೆ. ಮೈ ತಣ್ಣಗಾದಂತೆ ಹೃದಯದ ಬಡಿತ, ಜೀರ್ಣಕ್ರಿಯೆ, ರೋಗನಿರೋಧ ಎಲ್ಲವೂ ನಿಧಾನವಾಗುತ್ತವೆ. ತಂಪು ನಾಡುಗಳ ಕೆಲವು ಆಮೆಗಳು ಚಳಿಗಾಲವಿಡೀ ನಿದ್ರಿಸಿ ಬದುಕಬಲ್ಲವು. ನಕ್ಷತ್ರ ಆಮೆಗೆ ಆ ಶಕ್ತಿ ಇಲ್ಲ. ಆದುದರಿಂದ 'ನಿದ್ರಾಕಾಲ' ಎಂದು ಅದನ್ನು ಗೋಣಿಚೀಲದಡಿ ಬಿಡುವುದು ಪ್ರಾಣಾಂತಿಕ.

ಮೊದಲ ಉಪಚಾರ ಶಾಖ. ಅಗಲವಾದ ಮರದ ಪೆಟ್ಟಿಗೆಯಲ್ಲಿ ಒಣ ಹುಲ್ಲು ಅಥವಾ ಕಾಗದ ಹಾಸಿ, ಒಂದು ತುದಿಯಲ್ಲಿ ಮಾತ್ರ ಬಿಸಿ ಕೊಡುವ ಹಳೆಯ ಮಾದರಿಯ ಬಲ್ಬನ್ನು ಮೇಲಿನಿಂದ ತೂಗಿಬಿಡಬೇಕು. ಬಲ್ಬಿನಡಿಯ ಜಾಗ 32ರಿಂದ 35 ಡಿಗ್ರಿ ಸೆಲ್ಸಿಯಸ್, ಉಳಿದ ಭಾಗ ಹಗಲಿನಲ್ಲಿ 27ರ ಆಸುಪಾಸು ಇರಲಿ. ಇನ್ನೊಂದು ತುದಿ ತಂಪಾಗಿಯೇ ಇರಬೇಕು. ಸೆಕೆಯಾದಾಗ ಸರಿದುಹೋಗಲು ಪ್ರಾಣಿಗೆ ಅವಕಾಶ ಬೇಕು. ಕೈಯಂದಾಜು ಸಾಲದು, ಗೋಡೆಗೆ ತೂಗುವ ಅಗ್ಗದ ಉಷ್ಣಮಾಪಕವಾದರೂ ಇರಲಿ. ಒಲೆಯ ಬದಿಯಲ್ಲಿ ಇಡುವುದು ಸಲ್ಲದು. ಹೊಗೆಯಿಂದ ಶ್ವಾಸಕೋಶ ಕೆಡುತ್ತದೆ. ಕಾದ ಕಲ್ಲಿನ ಮೇಲೆ ಕೂರಿಸಿದರೆ ಹೊಟ್ಟೆಯ ಭಾಗ ಸುಡುತ್ತದೆ.

ಎರಡನೆಯದು ನೀರು. ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರನ್ನು ಆಮೆಯ ಗದ್ದಕ್ಕಿಂತ ಕೆಳಗಿರುವಂತೆ ಹಾಕಿ, 15ರಿಂದ 20 ನಿಮಿಷ ಅದರಲ್ಲಿ ನಿಲ್ಲಿಸಬೇಕು. ಬಳಲಿದ ಆಮೆ ಹೀಗೆ ನಿಂತಾಗ ಕತ್ತು ಚಾಚಿ ನೀರು ಕುಡಿಯುವುದುಂಟು. ಸುಣ್ಣದಂತೆ ಬಿಳಿಯಾದ ಮೂತ್ರವನ್ನು ವಿಸರ್ಜಿಸುವುದೂ ಉಂಟು. ಆ ಬಿಳಿ ವಸ್ತು ಮರಳಿನಂತೆ ಗಟ್ಟಿಯಾಗಿದ್ದರೆ ಮೈಯಲ್ಲಿ ನೀರು ಬತ್ತಿದೆಯೆಂದು ಅರ್ಥ. ಅನಂತರ ಒರೆಸಿ, ಕೂಡಲೇ ಬೆಚ್ಚನೆಯ ಪೆಟ್ಟಿಗೆಗೆ ಸೇರಿಸಬೇಕು.

ಮೂರನೆಯದು ಆಹಾರ. ಇಲ್ಲಿ ಕ್ರಮ ತಪ್ಪಬಾರದು. ದನದ ಹೊಟ್ಟೆಯಲ್ಲಿ ಮೊದಲ ಭಾಗದಲ್ಲೇ ನಡೆಯುವ ನಾರಿನ ಹುದುಗುವಿಕೆ ಆಮೆಯಲ್ಲಿ ದೊಡ್ಡ ಕರುಳಿನಲ್ಲಿ ನಡೆಯುತ್ತದೆ. ಆ ಸೂಕ್ಷ್ಮಜೀವಿಗಳಿಗೂ ಕಾವು ಬೇಕು. ತಣ್ಣನೆಯ ಆಮೆಗೆ ಬಲವಂತವಾಗಿ ತಿನ್ನಿಸಿದ ಆಹಾರ ಜೀರ್ಣವಾಗದೆ ಕೊಳೆಯುತ್ತದೆ. ಮೊದಲು ಶಾಖ, ಬಳಿಕ ನೀರು, ಆಮೇಲೆ ಮೇವು. ಗರಿಕೆ ಮತ್ತಿತರ ಹುಲ್ಲು, ದಾಸವಾಳದ ಎಲೆ ಮತ್ತು ಹೂವು, ಮುಳ್ಳು ತೆಗೆದ ಪಾಪಸುಕಳ್ಳಿ ಇವು ಹಿತ. ಅನ್ನ, ಹಾಲು, ಬ್ರೆಡ್ಡು, ಮಾಂಸ ಸರ್ವಥಾ ಬೇಡ.

ನಾಲ್ಕನೆಯದು ಬಿಸಿಲು. ಸೂರ್ಯನ ಅತಿನೇರಳೆ ಕಿರಣದಿಂದ ಚರ್ಮದಲ್ಲಿ ಡಿ ಜೀವಸತ್ವ ಉಂಟಾದಾಗ ಮಾತ್ರ ಆಹಾರದ ಸುಣ್ಣದಂಶ ಚಿಪ್ಪಿಗೂ ಮೂಳೆಗೂ ಸೇರುತ್ತದೆ. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುವುದರಿಂದ ಗಾಜಿನ ಹಿಂದಿನ ಬಿಸಿಲು ಕಾವು ಕೊಟ್ಟೀತೇ ಹೊರತು ಜೀವಸತ್ವ ಕೊಡದು. ಮಳೆ ಹೊಳವಾದಾಗ ಅಂಗಳದಲ್ಲಿ ಅರ್ಧ ನೆರಳು, ಅರ್ಧ ಬಿಸಿಲು ಇರುವಲ್ಲಿ ಬಿಡಬೇಕು. ನಾಯಿಯಿಂದ ಕಾವಲು ಅಗತ್ಯ.

ಇಷ್ಟಾದರೂ ಚೇತರಿಸದಿದ್ದರೆ ರೋಗವಿದೆಯೆಂದು ಶಂಕಿಸಬೇಕು. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡುವುದು, ಉಸಿರಿಗಾಗಿ ಕತ್ತು ಚಾಚುವುದು, ಊದಿದ ಕಣ್ಣು ಇವು ತುರ್ತಿನ ಲಕ್ಷಣಗಳು. ಆಮೆಗೆ ಸಸ್ತನಿಗಳಂಥ ವಪೆ ಇಲ್ಲ; ಕೆಮ್ಮಿ ಕಫ ಹೊರಹಾಕಲಾರದು. ಆದುದರಿಂದ ನ್ಯುಮೋನಿಯಾ ಬೇಗನೆ ಕೊಲ್ಲುತ್ತದೆ. ಹೆಣ್ಣಾಮೆಯಾದರೆ ಹೊಟ್ಟೆಯಲ್ಲಿ ಮೊಟ್ಟೆ ಸಿಲುಕಿರುವ ಸಾಧ್ಯತೆಯೂ ಇದೆ. ಹಳ್ಳಿಯವರು ವಿಶೇಷವಾಗಿ ನೆನಪಿಡಬೇಕಾದ ಮಾತು ಒಂದಿದೆ: ದನ, ನಾಯಿಗಳ ಉಣ್ಣೆ ಮತ್ತು ಜಂತುಹುಳುವಿಗೆ ಕೊಡುವ ಐವರ್ಮೆಕ್ಟಿನ್ ಆಮೆಗೆ ವಿಷ. ಕೊಟ್ಟಿಗೆಯ ಔಷಧವನ್ನು ಅಂದಾಜಿನ ಮೇಲೆ ಕೊಟ್ಟರೆ ಪಾರ್ಶ್ವವಾಯು ತಗಲಿ ಆಮೆ ಸಾಯಬಹುದು. ಚಿಕಿತ್ಸೆ ಪಶುವೈದ್ಯರ ಕೆಲಸ.

ತೊಡಕು ಆರಂಭವಾಗುವುದು ಇಲ್ಲಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ನಕ್ಷತ್ರ ಆಮೆ ಈಗ ಮೊದಲ ಅನುಸೂಚಿಯಲ್ಲಿದೆ. ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು 2019ರಲ್ಲೇ ನಿಷೇಧಿಸಲಾಯಿತು. ಇದನ್ನು ಹಿಡಿಯುವುದು, ಕೊಳ್ಳುವುದು, ಸಾಕುವುದು ಅಪರಾಧ. ಆ ಭಯದಿಂದ ಆಮೆಯನ್ನು ಬಚ್ಚಿಟ್ಟವರು ಅದನ್ನು ವೈದ್ಯರ ಬಳಿಗೂ ಒಯ್ಯುವುದಿಲ್ಲ. ಪ್ರೀತಿಯಿಂದ ಸಾಕಿದ ಜೀವವೇ ಬಚ್ಚಿಟ್ಟ ಪೆಟ್ಟಿಗೆಯಲ್ಲಿ ಚಿಕಿತ್ಸೆಯಿಲ್ಲದೆ ಸಾಯುತ್ತದೆ. ಮೇಲೆ ಹೇಳಿದ ಶಾಖೋಪಚಾರ ಕೈಗೆ ಬಂದ ಪ್ರಾಣಿಯನ್ನು ಆ ಹೊತ್ತಿಗೆ ಬದುಕಿಸಿಕೊಳ್ಳುವುದಕ್ಕಾಗಿ, ಸಾಕಲು ಪರವಾನಗಿಯಲ್ಲ. ಸಮೀಪದ ವಲಯ ಅರಣ್ಯಾಧಿಕಾರಿಗೆ ತಡಮಾಡದೆ ತಿಳಿಸಿ ಒಪ್ಪಿಸುವುದೇ ಸರಿಯಾದ ದಾರಿ. ಒಪ್ಪಿಸುವಾಗ ಅದರ ತೂಕ, ತಿಂದದ್ದು, ಕಂಡ ಲಕ್ಷಣಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ವೈದ್ಯರಿಗೆ ಉಪಕಾರ.

ಕೆಲವರು ಪಾಪಭಯದಿಂದ ಆಮೆಯನ್ನು ರಾತ್ರಿ ಹತ್ತಿರದ ಕಾಡಿಗೆ ಬಿಟ್ಟು ಬರುತ್ತಾರೆ. ಇದು ಎರಡು ಪಟ್ಟು ಅನ್ಯಾಯ. ನಿತ್ಯಹರಿದ್ವರ್ಣದ ಕಾಡು ನಕ್ಷತ್ರ ಆಮೆಯ ನೆಲೆಯಲ್ಲ. ಅಲ್ಲಿ ಅದು ಬದುಕುವುದು ಕಷ್ಟ. ಮೇಲಾಗಿ, ಪಶ್ಚಿಮಘಟ್ಟಕ್ಕೇ ಸೀಮಿತವಾದ ತಿರುವಾಂಕೂರು ಆಮೆಗೆ ಹೊರಗಿನ ಸೋಂಕನ್ನು ಹೊತ್ತೊಯ್ಯುವ ಅಪಾಯವೂ ಇದೆ. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ರಕ್ಷಿಸಲ್ಪಟ್ಟ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದಾಗಲೂ ನೇರವಾಗಿ ಕಾಡಿಗೆ ಬಿಡದೆ, ಮೊದಲು ಪ್ರತ್ಯೇಕವಾಗಿ ಇರಿಸಿ ಆರೈಕೆ ಮಾಡಬೇಕಾಯಿತು. ಕದ್ದೊಯ್ಯುವುದು ಒಂದು ದಿನದ ಕೆಲಸ. ಮರಳಿ ನೆಲೆಗೆ ಸೇರಿಸುವುದು ಬಹುಕಾಲದ ಶ್ರಮ.

ಆಮೆ ಕೂಗದು, ನರಳದು. ಅದರ ಸಂಕಟ ತಿಳಿಯುವುದು ನಿತ್ಯ ಗಮನಿಸುವ ಕಣ್ಣಿಗೆ ಮಾತ್ರ. ಶಾಲೆಗೆ ಹೋಗುವ ಹುಡುಗ ಹುಡುಗಿಯರಲ್ಲಿ ಅಂಥ ಕಣ್ಣಿದೆ. ಊರಿನ ಯಾವುದಾದರೂ ಮನೆಯಲ್ಲಿ ಆಮೆಯೊಂದು ಮಂಕಾಗಿ ಬಿದ್ದಿದ್ದರೆ, ಮನೆಯವರನ್ನು ದೂರುವ ಮೊದಲು ಅವರ ಪಕ್ಕ ಕುಳಿತು ಇಷ್ಟನ್ನು ತಿಳಿಸಿಕೊಟ್ಟು, ಹಿರಿಯರೊಬ್ಬರ ಜತೆಗೂಡಿಸಿ ಅರಣ್ಯ ಕಚೇರಿಯವರೆಗೆ ಕಳುಹಿಸಿಕೊಟ್ಟರೆ, ಆ ಆಮೆ ಮತ್ತೆ ತನ್ನ ಒಣ ಬಯಲಿನಲ್ಲಿ ಹುಲ್ಲು ಮೇಯುವ ದಿನ ಬಂದೀತು.